ನಡುಗಡ್ಡೆಗಳ ಪ್ರವಾಸೋದ್ಯಮ: ವಿರೂಪಾಪುರ ಗಡ್ಡಿ ಕಲಿಸಿದ ಪಾಠ

ಗಂಗಾವತಿ ತಾಲ್ಲೂಕಿನ ಆನೆಗೊಂದಿ ಪರಿಸರದಲ್ಲಿ ತುಂಗಭದ್ರೆಯ ಎರಡು ನಡುಗಡ್ಡೆಗಳು ಪ್ರಸಿದ್ಧ. ಒಂದು ವಿರೂಪಾಪುರ ಗಡ್ಡಿ, ಇನ್ನೊಂದು ನವವೃಂದಾವನ. ಕೊಪ್ಪಳ ಜಿಲ್ಲೆಯ ಪ್ರವಾಸೋದ್ಯಮದ ಏಳಿಗೆಯನ್ನು ಬಯಸುವ ವರ್ತಕರು ಈ ಎರಡನ್ನೂ ಒಟ್ಟಿಗೆ ಪರಿಶೀಲಿಸುವುದು ಉಚಿತ.

1986ರಲ್ಲಿ ಹಂಪಿಗೆ ವಿಶ್ವ ಪರಂಪರೆಯ ಮಾನ್ಯತೆ ದೊರೆತ ನಂತರದ ವರ್ಷಗಳಲ್ಲಿ ಗಡ್ಡಿಯ ಭತ್ತದ ಗದ್ದೆಗಳ ನಡುವೆ ವಸತಿಗೃಹಗಳೂ ಉಪಾಹಾರ ಗೃಹಗಳೂ ತಲೆಯೆತ್ತಿದವು. ಆದರೆ 1988ರ ಅಧಿಸೂಚನೆಯಂತೆ ಅದು ಸಂರಕ್ಷಿತ ಪ್ರದೇಶ. ತೆರವಿನ ಕ್ರಮವನ್ನು 2015ರಲ್ಲಿ ಉಚ್ಚ ನ್ಯಾಯಾಲಯವೂ 2020ರ ಫೆಬ್ರುವರಿ 11ರಂದು ಸರ್ವೋಚ್ಚ ನ್ಯಾಯಾಲಯವೂ ಎತ್ತಿಹಿಡಿದವು. ಮಾರ್ಚ್ ತಿಂಗಳಿನಲ್ಲಿ ಕಟ್ಟಡಗಳು ನೆಲಸಮವಾದವು. ಬಂಡವಾಳ ಹೂಡಿದವರೊಂದಿಗೆ ಅಡುಗೆಯವರು, ದೋಣಿಯವರು, ಹಾಲು ತರಕಾರಿ ಪೂರೈಸುತ್ತಿದ್ದವರೂ ಆದಾಯ ಕಳೆದುಕೊಂಡರು.

ನಿಯಮಗಳನ್ನು ಸಡಿಲಿಸುವುದೇ ಪರಿಹಾರವೆಂಬ ವಾದವುಂಟು. ಅದು ದೂರದೃಷ್ಟಿಯದಲ್ಲ. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಇದೇ ಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಲುಕಿ, ಹೆಲಿಕಾಪ್ಟರ್ ನೆರವಿನಿಂದ ಅವರನ್ನು ಪಾರುಮಾಡಬೇಕಾಯಿತು. ನದಿಯೂ ಕಾನೂನೂ ಒಪ್ಪದ ಸ್ಥಳದಲ್ಲಿ ಹೂಡಿದ ಹಣಕ್ಕೆ ಭದ್ರತೆಯಿಲ್ಲ.

ನವವೃಂದಾವನದ ಮಾದರಿ ಬೇರೆ. ಒಂಬತ್ತು ಯತಿಗಳ ವೃಂದಾವನಗಳಿರುವ ಆ ನಡುಗಡ್ಡೆಗೆ ಯಾತ್ರಿಕರು ದೋಣಿಯಲ್ಲಿ ಹೋಗಿ, ದರ್ಶನ ಮುಗಿಸಿ ದಡಕ್ಕೆ ಮರಳುತ್ತಾರೆ. ಅವರ ಊಟ, ವಸತಿ, ಖರೀದಿಗಳ ವಹಿವಾಟು ದಡದ ಊರುಗಳಿಗೆ ಸಲ್ಲಬಲ್ಲದು. ನಡುಗಡ್ಡೆ ನೋಡುವುದಕ್ಕೆ, ದಡ ತಂಗುವುದಕ್ಕೆ ಎಂಬ ಈ ವಿಂಗಡಣೆಯೇ ಸುಸ್ಥಿರ ಪ್ರವಾಸೋದ್ಯಮದ ತಳಹದಿಯಾಗಬೇಕು.

ಆದರೆ ದಡದಲ್ಲಿಯೂ ಅದೇ ತಪ್ಪು ಮರುಕಳಿಸಬಾರದು. ಗಡ್ಡಿಯ ತೆರವಿನ ನಂತರ ಪ್ರವಾಸಿಗರು ಸಾಣಾಪುರ, ಆನೆಗೊಂದಿಗಳತ್ತ ಹೊರಳಿದ್ದಾರೆ. 2025ರ ಮಾರ್ಚ್‌ನಲ್ಲಿ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ಹೇಯ ಕೃತ್ಯ ಸುರಕ್ಷತೆಯ ಪ್ರಶ್ನೆಯನ್ನು ಎಲ್ಲರ ಮುಂದಿಟ್ಟಿದೆ. ಆದ್ದರಿಂದ ಗ್ರಾಮಸ್ಥರ ಮನೆವಾಸ್ತವ್ಯಕ್ಕೆ ಸ್ಪಷ್ಟ ನಿಯಮ, ನಿಗದಿತ ಅವಧಿಯಲ್ಲಿ ಪರವಾನಗಿ, ಅತಿಥಿಗಳ ನೋಂದಣಿ, ದಾರಿದೀಪ ಹಾಗೂ ಪೊಲೀಸ್ ಗಸ್ತು ಅತ್ಯಗತ್ಯ. ಹರಿಗೋಲಿನವರಿಗೆ ಜೀವರಕ್ಷಕ ಕವಚ ಮತ್ತು ವಿಮೆಯ ವ್ಯವಸ್ಥೆಯಾಗಬೇಕು.

ಲಾಭವೂ ಜಿಲ್ಲೆಯೊಳಗೆ ಹಂಚಿಕೆಯಾಗಬೇಕು. ಗಂಗಾವತಿಯ ಅಕ್ಕಿ ಅತಿಥಿಯ ಎಲೆಗೆ ಬೀಳಲಿ, ಕಿನ್ನಾಳದ ಗೊಂಬೆ ಅವನ ಚೀಲ ಸೇರಲಿ. ಹಂಪಿಗೆ ಬಂದವನು 1112ರಲ್ಲಿ ನಿರ್ಮಿತವಾದ ಇಟಗಿಯ ಮಹಾದೇವ ದೇವಾಲಯವನ್ನೂ ಕಾಣುವಂತೆ ಸಾರಿಗೆ ಏರ್ಪಡಲಿ. ಆಗ ಯಲಬುರ್ಗಾ, ಕುಷ್ಟಗಿ ಕಡೆಯ ಸಣ್ಣ ವ್ಯಾಪಾರಿಗೂ ಪಾಲು ದೊರೆಯುತ್ತದೆ.

ಕಾನೂನಿನ ಸಡಿಲಿಕೆಗಿಂತ ಕಾನೂನಿನ ಸ್ಪಷ್ಟತೆಯನ್ನು ಕೇಳುವುದೇ ವರ್ತಕ ಸಮುದಾಯಕ್ಕೆ ಹಿತ.