ಇಂಜಿನ್ ಬೋರು: ತಿಕ್ಕುವ ಮೊದಲು ಅಳೆಯಿರಿ

ಬೋರು ಅಂದರೆ ನಮ್ಮ ಶಹಾಪುರ, ಸುರಪುರ ಕಡೆ ಎಲ್ಲರೂ ಕೊಳವೆಬಾವಿ ಅಂತಾರ. ನಾನು ಹೇಳೋದು ಡೀಸೆಲ್ ಇಂಜಿನ್ನಿನ ಒಳಗಿನ ಬೋರು, ಪಿಸ್ಟನ್ ಓಡಾಡುವ ಜಾಗ.

ನಾರಾಯಣಪುರ ಎಡದಂಡೆ ಕಾಲುವೆ ನೀರು ಮುಟ್ಟಿದ ಹಳ್ಳಿಗಳ ಮಾತು ಬೇರೆ. ನಮ್ಮದು ಮಳೆ ನಂಬಿದ ಎರೆ ಹೊಲ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ನಮ್ಮಂಥ ಹಲವರ ಹೊಲದಲ್ಲಿ ಹೊಂಡ ಆದವು. ತೊಗರಿ ಹೂ ಬಿಡುವಾಗ ಒಂದು ಸಲ ನೀರು ಹಾಯಿಸಿದರೆ ಬೆಳೆ ಉಳೀತದ. ಆ ಒಂದು ವಾರ ಇಂಜಿನ್ ಕೈಕೊಟ್ಟರೆ ಹೊಂಡ ತುಂಬಿದ್ದೂ ಉಪಯೋಗಿಲ್ಲ.

ನನಗೆ ಹಂಗೇ ಆಯಿತು. ಇಂಜಿನ್ ಹೊಗೆ ಕಾರುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು. ಒಬ್ಬರು 'ಎಲ್ಲಾ ಹೊಸದು ಹಾಕು' ಅಂದರು. ಇನ್ನೊಬ್ಬರು 'ಮರಳು ಕಾಗದದಿಂದ ತಿಕ್ಕಿ ರಿಂಗ್ ಹಾಕು ಸಾಕು' ಅಂದರು. ಅಗ್ಗದ ಮಾತು ಕೇಳಿದೆ. ಮೇಲೆ ಕೆಳಗೆ ನೆಟ್ಟಗೆ ತಿಕ್ಕಿ, ಡೀಸೆಲ್‌ನಲ್ಲಿ ತೊಳೆದು ಕೂಡಿಸಿದೆ. ಎರಡು ತಿಂಗಳಿಗೆ ಮತ್ತೆ ಹೊಗೆ, ಅದೂ ಹೂವಿನ ಹೊತ್ತಿಗೆ. ತಪ್ಪು ನನ್ನದೇ.

ಆಮೇಲೆ ಕಲಿತೆ. ಹೋನಿಂಗ್ ಸವೆದ ಬೋರನ್ನು ಸರಿ ಮಾಡೋದಿಲ್ಲ. ಬೋರು ಕನ್ನಡಿಯಂಗ ನುಣುಪಾದರೆ ಎಣ್ಣೆ ನಿಲ್ಲೋದಿಲ್ಲ, ಹೊಸ ರಿಂಗ್ ಕೂಡೋದಿಲ್ಲ. ಎಣ್ಣೆ ಹಿಡಿಯುವ ಅಡ್ಡಾದಿಡ್ಡಿ ಸಣ್ಣ ಗೆರೆ ಮೂಡಿಸುವುದಷ್ಟೇ ಹೋನಿಂಗ್ ಕೆಲಸ.

ಆದ್ದರಿಂದ ಮೊದಲು ಅಳತೆ. ಮೇಲ್ತುದಿಯಲ್ಲಿ ಉಗುರಿಗೆ ಸಿಗುವ ಮೆಟ್ಟಿಲು ಇದ್ದರೆ ಸವೆತ ಇದೆ ಅಂತಲೇ ಅರ್ಥ. ಹೊಸ ರಿಂಗನ್ನು ಬೋರಿನೊಳಗಿಟ್ಟು, ಪಿಸ್ಟನ್ ತಲೆಯಿಂದ ನೆಟ್ಟಗೆ ತಳ್ಳಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ಅಳೆಯಿರಿ. ಮೆಟ್ಟಿಲ ಕೆಳಗೆ ಒಮ್ಮೆ, ರಿಂಗ್ ಓಡಾಡದ ತಳದಲ್ಲಿ ಒಮ್ಮೆ. ನನಗೆ ಮೇಲೆ 0.60, ಕೆಳಗೆ 0.35 ಮಿ.ಮೀ. ಸಿಕ್ಕಿತು. ವ್ಯತ್ಯಾಸ 0.25, ಅದನ್ನು 3.14ರಿಂದ ಭಾಗಿಸಿದರೆ ಸುಮಾರು 0.08. ಬೋರು ಅಷ್ಟು ಅಗಲ ಆಗೇದ. ಏಳನೇ ಇಯತ್ತೆಯ ಲೆಕ್ಕ ಇದು. ಇಂಜಿನ್ ಜೊತೆ ಬಂದ ಪುಸ್ತಕದಲ್ಲಿ ಸವೆತದ ಮಿತಿ ಬರೆದಿರ್ತಾರ. ದಾಟಿದ್ದರೆ ತಿಕ್ಕಬೇಡಿ, ಲೈನರ್ ಬದಲಿಸಿ.

ಮಿತಿಯೊಳಗಿದ್ದರೆ ಮೂರು ಕಲ್ಲಿನ ಹೋನನ್ನು ಡ್ರಿಲ್‌ಗೆ ಕಟ್ಟಿ, ಎಣ್ಣೆ ಬಿಡುತ್ತಾ ನಿಧಾನ ತಿರುಗಿಸಿ. ಒಂದೇ ಕಡೆ ನಿಲ್ಲಿಸದೆ ಮೇಲೆ ಕೆಳಗೆ ಆಡಿಸಿ. ಗೆರೆಗಳು ಸುಮಾರು 45 ಡಿಗ್ರಿಯಲ್ಲಿ ಒಂದನ್ನೊಂದು ಕತ್ತರಿಸಬೇಕು. ಅರ್ಧ ನಿಮಿಷ ತಿಕ್ಕಿ, ನಿಲ್ಲಿಸಿ ನೋಡಿ.

ನಾನು ಕೆಟ್ಟದ್ದು ತೊಳೆಯೋದರಲ್ಲಿ. ಕಲ್ಲಿನ ಪುಡಿ ಡೀಸೆಲ್‌ಗೆ ಪೂರಾ ಹೋಗೋದಿಲ್ಲ. ಬಿಸಿನೀರು, ಸಾಬೂನು, ಬ್ರಷ್ ಬೇಕು. ಒರೆಸಿ ಒಣಗಿಸಿ, ಎಣ್ಣೆ ಹಚ್ಚಿದ ಬಿಳಿ ಅರಿವೆಯಿಂದ ಒರೆಸಿ. ಅರಿವೆ ಕಪ್ಪಾಗದ ತನಕ ತೊಳೆಯಬೇಕು. ಕೂಡಿಸಿದ ಮೇಲೆ ಗಂಟೆಗಟ್ಟಲೆ ಖಾಲಿ ಓಡಿಸಬೇಡಿ. ನೀರೆತ್ತುವ ಭಾರ ಕೊಟ್ಟರೇ ರಿಂಗ್ ಕೂಡ್ತಾವ.

ಇಷ್ಟೆಲ್ಲ ಮಾಡಿಯೂ ಏರ್ ಕ್ಲೀನರ್ ಮರೆತರೆ ಫಲವಿಲ್ಲ. ರಾಶಿ ಮಾಡುವಾಗ ಏಳುವ ಧೂಳೇ ಬೋರಿನ ವೈರಿ. ರಿಪೇರಿಗೆ ಸಾಲ ಮಾಡ್ತೀವಿ, ಕ್ಲೀನರಿನ ಎಣ್ಣೆ ಬದಲಿಸೋದಕ್ಕೆ ಬೇಸರ ಪಡ್ತೀವಿ. ಇದು ಖರೆ ಅಲ್ಲವೇ?

ಒಬ್ಬೊಬ್ಬರೂ ಹೋನ್, ಫೀಲರ್ ಗೇಜ್ ಕೊಳ್ಳಬೇಕಿಲ್ಲ. ವರ್ಷಕ್ಕೊಮ್ಮೆ ಬೇಕಾಗುವ ಸಾಮಾನು. ಹತ್ತು ಮಂದಿ ಕೂಡಿ ಒಂದು ಜೊತೆ ತಂದು ಒಬ್ಬರ ಮನೆಯಲ್ಲಿಡಲಿ. ಹೂ ಬಿಡೋದಕ್ಕೆ ಮೊದಲೇ, ಮಳೆ ಬಿಡುವು ಕೊಟ್ಟಾಗ, ಎಲ್ಲರ ಇಂಜಿನ್ ನೋಡಿಕೊಳ್ಳಲಿ. ಇದಕ್ಕಿಂತ ಸುಲಭದ ದಾರಿ ಕಂಡವರಿದ್ದರೆ ಬರೆಯಿರಿ, ನಾನೂ ಕಲೀತೀನಿ.