ಗೋಡೆಯೊಳಗಿನ ಡಬ್ಬಿ ಇಕ್ಕಟ್ಟಾಗದಿರಲಿ



ಹೊಸ ಮನೆ ಕಟ್ಟಿಸುವಾಗ ಟೈಲ್ಸ್‌ನ ಬಣ್ಣಕ್ಕಾಗಿ ನಾವು ನಾಲ್ಕು ಅಂಗಡಿ ಸುತ್ತುತ್ತೇವೆ. ಆದರೆ ಸ್ವಿಚ್ ಬೋರ್ಡಿನ ಹಿಂದೆ ಗೋಡೆಯೊಳಗೆ ಕೂರಿಸುವ ಡಬ್ಬಿ ಎಷ್ಟು ದೊಡ್ಡದಿರಬೇಕೆಂದು ಕೇಳುವುದಿಲ್ಲ. ಪತಿ ಗಲ್ಫಿನಲ್ಲಿದ್ದು ಮನೆ ಕೆಲಸದ ಉಸ್ತುವಾರಿ ನಿಮ್ಮದೇ ಆಗಿದ್ದರೆ, ಈ ಪ್ರಶ್ನೆಯನ್ನು ನೀವೇ ಕೇಳಬೇಕು.

ಡಬ್ಬಿ ಚಿಕ್ಕದಾದರೆ ವಯರುಗಳನ್ನು ಮಡಚಿ ತುರುಕಿ, ಮೇಲೆ ಪ್ಲೇಟನ್ನು ಒತ್ತಿ ಸ್ಕ್ರೂ ಬಿಗಿಯುತ್ತಾರೆ. ಆಗ ವಯರಿನ ಹೊದಿಕೆ ಜಜ್ಜಿಹೋಗಬಹುದು, ಜೋಡಣೆ ಸಡಿಲಾಗಬಹುದು. ಸಡಿಲವಾದ ಕಡೆ ಬಿಸಿ ಹುಟ್ಟುತ್ತದೆ. ಇಕ್ಕಟ್ಟಿನಲ್ಲಿ ಆ ಬಿಸಿ ಹೊರಹೋಗುವುದಿಲ್ಲ. ಬೆಂಕಿ ಶುರುವಾಗಲು ಇಷ್ಟು ಸಾಕು.

ಲೆಕ್ಕ ಕಷ್ಟವೇನಲ್ಲ. ಮಾಡ್ಯುಲರ್ ಬೋರ್ಡಿನಲ್ಲಿ ಸಾಮಾನ್ಯವಾಗಿ ಒಂದು ಸ್ವಿಚ್‌ಗೆ 1 ಮಾಡ್ಯೂಲ್, ಒಂದು ಸಾಕೆಟ್‌ಗೆ 2 ಮಾಡ್ಯೂಲ್ ಜಾಗ ಬೇಕು. ಅಡುಗೆಮನೆಯಲ್ಲಿ ಮಿಕ್ಸಿಗೆ 3, ವಾಟರ್ ಫಿಲ್ಟರ್‌ಗೆ 3. ಅಲ್ಲಿಗೆ 6ರ ಡಬ್ಬಿ ತುಂಬಿತು. ನಾಳೆ ಓವನ್ ಬಂದರೆ? ಅದಕ್ಕೆ 16 ಆಂಪಿಯರ್‌ನ ಸಾಕೆಟ್ ಮತ್ತು ಸ್ವಿಚ್ ಸೇರಿ ಇನ್ನೂ 3 ಬೇಕು. ಆಗ ಜಾಗವಿಲ್ಲದೆ ಮಲ್ಟಿಪ್ಲಗ್‌ಗೆ ಮೊರೆ ಹೋಗುತ್ತೇವೆ. ಅದರ ಬದಲು ಮೊದಲೇ 12ರ ಡಬ್ಬಿ ಹಾಕಿಸಿ. ಖಾಲಿ ಉಳಿದ ಜಾಗಕ್ಕೆ ಮುಚ್ಚಳ ಸಿಗುತ್ತದೆ.

ಡಬ್ಬಿಯ ಆಳವನ್ನೂ ನೋಡಿ. ಗೀಸರ್, ಓವನ್‌ಗಳಿಗೆ ಸಾಮಾನ್ಯವಾಗಿ 4 ಚದರ ಮಿ.ಮೀ. ತಾಮ್ರದ ವಯರ್ ಎಳೆಯುತ್ತಾರೆ. ಲೈಟು, ಫ್ಯಾನಿನ 1.5ರ ವಯರಿಗಿಂತ ಅದು ದಪ್ಪ, ಸುಲಭವಾಗಿ ಬಾಗದು. ಪ್ರತಿ ಸಾಕೆಟ್‌ಗೂ ಫೇಸ್, ನ್ಯೂಟ್ರಲ್, ಅರ್ಥ್ ಎಂದು ಮೂರು ವಯರ್ ಬೇಕು. ಮುಂದೆ ರಿಪೇರಿಗೆಂದು ಅರ್ಧ ಅಡಿಯಷ್ಟು ವಯರನ್ನು ಒಳಗೆ ಬಿಡುವುದೂ ಉಂಟು. ಇವೆಲ್ಲ ಹಿಂಡದೆ ಕೂರಬೇಕು. ಡಬ್ಬಿ ಲೋಹದ್ದಾದರೆ ಅದಕ್ಕೂ ಅರ್ಥ್ ಜೋಡಿಸಲು ಹೇಳಿ. ಡಬ್ಬಿಯ ಅಂಚು ಸಾರಣೆಯ ಮಟ್ಟಕ್ಕೆ ಸರಿಯಾಗಿ ನಿಲ್ಲಲಿ.

ಹಳೆಯ ಮನೆಯವರು ಏನು ಮಾಡಬೇಕು? ಪ್ಲೇಟ್ ಬಿಸಿಯಾಗುವುದು, ಚಟಚಟ ಸದ್ದು, ಸುಟ್ಟ ವಾಸನೆ, ಸಾಕೆಟ್ ಕಂದು ಬಣ್ಣಕ್ಕೆ ತಿರುಗುವುದು ಇವೆಲ್ಲ ಅಪಾಯದ ಸೂಚನೆಗಳು. ಕಂಡ ಕೂಡಲೇ ಮೈನ್ ಸ್ವಿಚ್ ಆರಿಸಿ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ನೀವೇ ಬಿಚ್ಚಲು ಹೋಗಬೇಡಿ. ಮಕ್ಕಳಿರುವ ಮನೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ವಿದ್ಯುತ್ ಸೋರಿದರೆ ಅದು ಕ್ಷಣದಲ್ಲಿ ಸಂಪರ್ಕ ಕಡಿಯುತ್ತದೆ.

ರಾತ್ರಿ ಮಲಗುವ ಮುನ್ನ ದೀಪ ಆರಿಸಿ, ಮನೆಯಲ್ಲಿ ಬೆಂಕಿ ಉರಿಯಲು ಬಿಡದಿರುವಂತೆ ಪ್ರವಾದಿ ಮುಹಮ್ಮದ್(ಸ) ನಮಗೆ ಕಲಿಸಿದ್ದಾರೆ. ಅಂದಿನ ಬೆಂಕಿ ಕಣ್ಣಿಗೆ ಕಾಣುತ್ತಿತ್ತು. ಇಂದಿನದು ಗೋಡೆಯೊಳಗೆ ಅಡಗಿರುತ್ತದೆ, ಮಲಗುವಾಗ ಊದಿ ಆರಿಸಲಾಗದು. ಆದ್ದರಿಂದ ಆ ಎಚ್ಚರವನ್ನು ಗೋಡೆಗೆ ಸಾರಣೆ ಬೀಳುವ ಮೊದಲೇ ವಹಿಸಬೇಕು. ನಾಳೆ ಮೇಸ್ತ್ರಿ ಗೋಡೆ ಕೊರೆಯಲು ಬಂದಾಗ, ಚಹಾ ಕೊಡುತ್ತಲೇ ಕೇಳಿಬಿಡಿ: “ಡಬ್ಬಿ ಎಷ್ಟು ಮಾಡ್ಯೂಲಿನದು?”