ಸಂಶೋಧನ ವಿದ್ಯಾರ್ಥಿಯ ಬದುಕು: ಇಲ್ಲಿಯ ಮತ್ತು ಅಲ್ಲಿಯ ವಿಶ್ವವಿದ್ಯಾಲಯಗಳು

ವಿದೇಶದ ವಿಶ್ವವಿದ್ಯಾಲಯಗಳನ್ನು ಕುರಿತು ಕನ್ನಡ ವಿಭಾಗಗಳಲ್ಲಿ ನಡೆಯುವ ಚರ್ಚೆ ಸಾಮಾನ್ಯವಾಗಿ ಎರಡು ತುದಿಗಳಲ್ಲಿ ನಿಲ್ಲುತ್ತದೆ. ಅಲ್ಲಿ ಎಲ್ಲವೂ ಇದೆ, ಇಲ್ಲಿ ಏನೂ ಇಲ್ಲ ಎಂಬ ಕೀಳರಿಮೆ ಒಂದು ತುದಿ. ಕನ್ನಡದ ಸಂಶೋಧನೆಗೆ ಅಲ್ಲಿಂದ ಕಲಿಯಬೇಕಾದುದು ಏನಿದೆ ಎಂಬ ಹಮ್ಮು ಇನ್ನೊಂದು ತುದಿ. ಈ ಎರಡು ನಿಲುವುಗಳೂ ವಿದ್ಯಾರ್ಥಿಯ ದಿನನಿತ್ಯದ ಬದುಕನ್ನು ಗಮನಿಸುವುದಿಲ್ಲ. ಗ್ರಂಥಾಲಯದಲ್ಲಿ ಕಳೆಯುವ ಹೊತ್ತು, ಮಾರ್ಗದರ್ಶಕರೊಡನೆ ನಡೆಯುವ ಮಾತು, ಊಟ ವಸತಿಗಳಿಗೆ ಹಣ ಹೊಂದಿಸುವ ಬಗೆ ಇವು ಪ್ರಬಂಧದ ಗುಣವನ್ನು ನೇರವಾಗಿಯೇ ನಿರ್ಧರಿಸುತ್ತವೆ. ಹೋಲಿಕೆಯನ್ನು ಇಲ್ಲಿಂದ ಆರಂಭಿಸುವುದು ಉಚಿತ.

ಕನ್ನಡಕ್ಕೆ ಈ ಹೋಲಿಕೆ ಹೊಸದಲ್ಲ. ವಿ.ಕೃ. ಗೋಕಾಕರು 1930ರ ದಶಕದಲ್ಲಿ ಆಕ್ಸ್‌ಫರ್ಡಿನಲ್ಲಿ ಓದಿದರು. ಮೈಸೂರಿನಲ್ಲಿ ಎಂ.ಎ. ಮಾಡಿದ ಎ.ಕೆ. ರಾಮಾನುಜನ್ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ 1963ರಲ್ಲಿ ಭಾಷಾವಿಜ್ಞಾನದ ಡಾಕ್ಟರೇಟ್ ಪಡೆದು, ಶಿಕಾಗೋದಲ್ಲಿ ಅಧ್ಯಾಪಕರಾಗಿ ನೆಲೆಸಿದರು. ಯು.ಆರ್. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದಾಗಲೇ ‘ಸಂಸ್ಕಾರ’ವನ್ನು ಬರೆದರು, ಕಾದಂಬರಿ 1965ರಲ್ಲಿ ಪ್ರಕಟವಾಯಿತು, ಪಿಎಚ್.ಡಿ. 1966ರಲ್ಲಿ ದೊರೆಯಿತು. ತವರಿನಿಂದ ದೊರೆತ ದೂರ, ಓದಿಗೆ ದೊರೆತ ಬಿಡುವು ಇವರ ಕನ್ನಡ ಬರವಣಿಗೆಗೆ ಪೋಷಕವಾದವು ಎಂಬುದು ನಿರ್ವಿವಾದ. ಆದರೆ ಮೂವರೂ ಹೊರಗೆ ಹೋದದ್ದು ಇಂಗ್ಲಿಷ್ ಅಧ್ಯಯನದ ದಾರಿಯಿಂದ ಎಂಬುದನ್ನು ಮರೆಯುವಂತಿಲ್ಲ. ಕನ್ನಡ ಎಂ.ಎ. ಮಾಡಿದ ವಿದ್ಯಾರ್ಥಿಗೆ ಈ ಬಾಗಿಲು ತೆರೆದದ್ದು ವಿರಳ. ಆದ್ದರಿಂದ ‘ಅಲ್ಲಿ’ ಎಂಬುದು ಕನ್ನಡ ವಿಭಾಗಗಳಿಗೆ ಬಹುಮಟ್ಟಿಗೆ ಬೇರೆಯವರ ಬಾಯಿಂದ ಕೇಳಿದ ಲೋಕವಾಗಿಯೇ ಉಳಿದಿದೆ. ಕೀಳರಿಮೆ ಮತ್ತು ಹಮ್ಮು ಎರಡರ ಮೂಲವೂ ಇಲ್ಲಿದೆ.

ಮೊದಲು ಗ್ರಂಥಾಲಯವನ್ನು ನೋಡಬಹುದು. ಅಮೆರಿಕವು ಭಾರತಕ್ಕೆ ಮಾರಿದ ಗೋಧಿಯ ಬೆಲೆ ರೂಪಾಯಿಗಳಲ್ಲಿ ಇಲ್ಲಿಯೇ ಜಮೆಯಾಗುತ್ತಿತ್ತು. ಪಿ.ಎಲ್. 480 ಎಂದು ಹೆಸರಾದ ಈ ಯೋಜನೆಯ ಹಣದ ಒಂದು ಭಾಗದಿಂದ 1962ರಿಂದ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಮೆರಿಕದ ಆಯ್ದ ಗ್ರಂಥಾಲಯಗಳಿಗೆ ಕಳುಹಿಸಲಾಯಿತು. ಕನ್ನಡ ಪುಸ್ತಕಗಳೂ ಹೀಗೆ ಸಮುದ್ರ ದಾಟಿದವು. ಶಿಕಾಗೋ ವಿಶ್ವವಿದ್ಯಾಲಯದ ರೆಗೆನ್‌ಸ್ಟೈನ್ ಗ್ರಂಥಾಲಯದಲ್ಲಿ ವಿದ್ಯಾರ್ಥಿಯು ಕಪಾಟುಗಳ ನಡುವೆ ತಾನೇ ನಡೆದು ಪುಸ್ತಕ ತೆಗೆದುಕೊಳ್ಳಬಹುದು. ಹುಡುಕಿದ ಪುಸ್ತಕದ ಪಕ್ಕದಲ್ಲಿರುವ, ಹುಡುಕದ ಪುಸ್ತಕವೂ ಕೈಗೆ ಸಿಗುತ್ತದೆ. ಅಲ್ಲಿ ಇಲ್ಲದ್ದನ್ನು ಬೇರೊಂದು ವಿಶ್ವವಿದ್ಯಾಲಯದಿಂದ ತರಿಸಿಕೊಡುವ ಏರ್ಪಾಡೂ ಇದೆ. ಕನ್ನಡದ ಪುಸ್ತಕ ಸಂಪತ್ತು ಇರುವುದು ಕರ್ನಾಟಕದಲ್ಲಿಯೇ. ಆದರೆ ಅದು ಓದುಗನಿಗೆ ದೊರೆಯುವ ಬಗೆ ಬೇರೆ. ಇಲ್ಲಿ ಒಂದು ವಿಭಾಗದ ಬೀರುವಿನಲ್ಲಿರುವ ಹಳೆಯ ಆವೃತ್ತಿಯ ಸುದ್ದಿ ಪಕ್ಕದ ಜಿಲ್ಲೆಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗೆ ತಿಳಿಯುವುದು ಪರಿಚಯಸ್ಥರ ಮೂಲಕ. ಕೊರತೆ ಪುಸ್ತಕದ್ದಲ್ಲ, ಪುಸ್ತಕ ಮತ್ತು ಓದುಗನ ನಡುವಿನ ವ್ಯವಸ್ಥೆಯದ್ದು.

ಮಹಿಳಾ ವಿದ್ಯಾರ್ಥಿಗಳಿಗೆ ಈ ಕೊರತೆ ಇಮ್ಮಡಿಯಾಗುತ್ತದೆ. ಗ್ರಂಥಾಲಯ ರಾತ್ರಿಯವರೆಗೆ ತೆರೆದಿದ್ದರೂ ವಿದ್ಯಾರ್ಥಿನಿ ನಿಲಯದ ಬಾಗಿಲು ಸಂಜೆಗೇ ಮುಚ್ಚಿದರೆ ಆ ಸೌಲಭ್ಯ ಅರ್ಧದಷ್ಟು ಜನರಿಗೆ ಮಾತ್ರ. 2015ರಲ್ಲಿ ದೆಹಲಿಯಲ್ಲಿ ಆರಂಭವಾದ ‘ಪಿಂಜ್ರಾ ತೋಡ್’ ಚಳವಳಿ ಎತ್ತಿದ್ದು ಇದೇ ಪ್ರಶ್ನೆಯನ್ನು. ವಿದೇಶಕ್ಕೆ ಹೋದ ವಿದ್ಯಾರ್ಥಿನಿಯು ಅಲ್ಲಿ ಮೊದಲು ಅನುಭವಿಸುವ ಸ್ವಾತಂತ್ರ್ಯ ಹಲವು ಸಲ ತಾತ್ವಿಕವಾದದ್ದಲ್ಲ. ರಾತ್ರಿ ಹತ್ತರವರೆಗೆ ಕುಳಿತು ಓದುವ ಸ್ವಾತಂತ್ರ್ಯ.

ಎರಡನೆಯದು ಗುರು-ಶಿಷ್ಯ ಸಂಬಂಧ. ಅಮೆರಿಕದಲ್ಲಿ ಪ್ರಾಧ್ಯಾಪಕರನ್ನು ಹೆಸರು ಹಿಡಿದು ಕರೆಯುತ್ತಾರೆ, ಇಲ್ಲಿ ‘ಮೇಷ್ಟ್ರೇ’, ‘ಸರ್’ ಎನ್ನುತ್ತಾರೆ. ಪ್ರಶ್ನಿಸುವ ಸ್ವಭಾವ ಅಲ್ಲಿ ಬೆಳೆದು ಇಲ್ಲಿ ಬೆಳೆಯದಿರಲು ಇದೇ ಕಾರಣ ಎಂಬ ವಾದ ಪದೇ ಪದೇ ಕೇಳಿಬರುತ್ತದೆ. ಜರ್ಮನಿಯ ಉದಾಹರಣೆ ಈ ವಾದವನ್ನು ಒಪ್ಪುವುದಿಲ್ಲ. ಕನ್ನಡದ ‘ನೀನು’, ‘ನೀವು’ಗಳಂತೆ ಜರ್ಮನ್ ಭಾಷೆಯಲ್ಲಿಯೂ ‘ದು’, ‘ಜೀ’ ಎಂಬ ಭೇದವಿದೆ. ಮಾರ್ಗದರ್ಶಕರನ್ನು ‘ಡಾಕ್ಟರೇಟಿನ ತಂದೆ’ ಎಂಬ ಅರ್ಥದ ಪದದಿಂದ ಕರೆಯುವ ರೂಢಿಯೂ ಇದೆ. ಆದರೂ ಅಲ್ಲಿಯ ಸಂಶೋಧನ ಗೋಷ್ಠಿಯಲ್ಲಿ ವಿದ್ಯಾರ್ಥಿಯು ಅರೆಬರೆಯಾದ ಅಧ್ಯಾಯವನ್ನು ಮುಂದಿಡುತ್ತಾನೆ, ಉಳಿದವರು ಅದನ್ನು ಎಳೆ ಎಳೆಯಾಗಿ ಪರೀಕ್ಷಿಸುತ್ತಾರೆ. ಗೌರವ ಮತ್ತು ಪ್ರಶ್ನೆ ಒಂದೇ ಕೋಣೆಯಲ್ಲಿ ಇರಬಲ್ಲವು. ಅದಕ್ಕೆ ಬೇಕಾದುದು ಸಂಬೋಧನೆಯ ಬದಲಾವಣೆಯಲ್ಲ, ಪ್ರಶ್ನೆಗೆಂದೇ ಮೀಸಲಾದ ವೇಳೆ.

ಭಾರತದಲ್ಲಿ ನಿಯಮಗಳ ಮಟ್ಟಿಗೆ ಈ ವೇಳೆ ಇದೆ. ಸಂಶೋಧನ ಸಲಹಾ ಸಮಿತಿಯ ಮುಂದೆ ವಿದ್ಯಾರ್ಥಿಯು ಪ್ರತಿ ಷಣ್ಮಾಸದಲ್ಲಿ ತನ್ನ ಪ್ರಗತಿಯನ್ನು ಮಂಡಿಸಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗ ಹೇಳುತ್ತದೆ. ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳೆಂಬ ಮಿತಿಯೂ ಇದೆ. ಆದರೆ ಹಲವೆಡೆ ಈ ಮಂಡನೆ ಸಹಿಯಲ್ಲಿ ಮುಗಿಯುತ್ತದೆ. ಅಮೆರಿಕದಲ್ಲಿ ಪ್ರಬಂಧದ ಹೊಣೆ ಮೂರು ನಾಲ್ಕು ಮಂದಿಯ ಸಮಿತಿಯದು. ಒಬ್ಬರೊಡನೆ ಭಿನ್ನಾಭಿಪ್ರಾಯ ಬಂದರೆ ವಿದ್ಯಾರ್ಥಿಗೆ ಹೋಗಲು ಇನ್ನೊಂದು ಬಾಗಿಲಿರುತ್ತದೆ. ಒಬ್ಬರೇ ಮಾರ್ಗದರ್ಶಕರ ಒಲವು ಮುನಿಸುಗಳ ಮೇಲೆ ಐದು ವರ್ಷಗಳ ಬದುಕು ನಿಂತಿರುವಲ್ಲಿ ವಿದ್ಯಾರ್ಥಿಯು ಪ್ರಶ್ನೆ ಕೇಳುವುದಿಲ್ಲ ಎಂದು ದೂರುವುದು ಅರ್ಥಹೀನ.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಜೀವನೋಪಾಯ. ಕರ್ನಾಟಕದಲ್ಲಿ ಬಡ ವಿದ್ಯಾರ್ಥಿಯ ಓದನ್ನು ಸಮಾಜವೇ ಹೊತ್ತ ಪರಂಪರೆಯಿದೆ. ವಾರಾನ್ನ, ಮಠಗಳ ಉಚಿತ ಪ್ರಸಾದ ನಿಲಯ, ಸರ್ಕಾರಿ ವಿದ್ಯಾರ್ಥಿ ನಿಲಯ ಇವುಗಳಿಲ್ಲದೆ ಇಲ್ಲಿಯ ಉನ್ನತ ಶಿಕ್ಷಣದ ಚರಿತ್ರೆಯನ್ನು ಬರೆಯುವಂತಿಲ್ಲ. ಆದರೆ ಆ ಪರಂಪರೆ ಹೆಚ್ಚಾಗಿ ಪದವಿಯವರೆಗಿನ ಓದಿಗೆ ಆಸರೆಯಾಯಿತು. ಮೂವತ್ತರ ವಯಸ್ಸಿನ, ಮನೆಯ ಹೊಣೆಯಿರುವ ಸಂಶೋಧಕರಿಗೆ ಅದು ಸಾಲದು. ಕಿರಿಯ ಸಂಶೋಧನ ಶಿಷ್ಯವೇತನ 2023ರಿಂದ ತಿಂಗಳಿಗೆ 37,000 ರೂಪಾಯಿಗೆ ಏರಿದೆ. ಅದು ದೊರೆಯದವರಲ್ಲಿ ಹಲವರು ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ ದುಡಿದು, ಉಳಿದ ಹೊತ್ತಿನಲ್ಲಿ ಪ್ರಬಂಧ ಬರೆಯುತ್ತಾರೆ. ಒಂದೇ ವಿಭಾಗದ ಇಬ್ಬರು ಸಹಪಾಠಿಗಳ ನಡುವಿನ ಈ ಅಂತರ ಕೆಲವೊಮ್ಮೆ ಮೈಸೂರು-ಶಿಕಾಗೋಗಳ ನಡುವಿನ ಅಂತರಕ್ಕಿಂತ ದೊಡ್ಡದು.

ಅಮೆರಿಕದ ಸಂಶೋಧನ ವಿದ್ಯಾರ್ಥಿಯೂ ಪಾಠ ಮಾಡುತ್ತಾನೆ. ಆದರೆ ಬೋಧನ ಸಹಾಯಕನಾಗಿ, ತನ್ನ ವಿಭಾಗದಲ್ಲಿಯೇ, ಪ್ರಾಧ್ಯಾಪಕರ ಕಣ್ಣಳತೆಯಲ್ಲಿ. ಆ ಪಾಠ ಅವನ ತರಬೇತಿಯ ಭಾಗ. ಅತಿಥಿ ಉಪನ್ಯಾಸಕರ ಪಾಠ ಪ್ರಬಂಧದ ಎದುರಾಳಿ. ಹಾಗೆಂದು ಅಲ್ಲಿಯ ವ್ಯವಸ್ಥೆ ಆದರ್ಶವೇನಲ್ಲ. ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿಗಳು ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. 2022ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಶೈಕ್ಷಣಿಕ ನೌಕರರು ವೇತನ ಸಾಲದೆಂದು ಮುಷ್ಕರ ಹೂಡಿದರು. ಅವರಲ್ಲಿ ಬೋಧನ ಸಹಾಯಕರು ದೊಡ್ಡ ಸಂಖ್ಯೆಯಲ್ಲಿದ್ದರು. ಶುಲ್ಕವಿಲ್ಲವೆಂದು ಹೆಸರಾದ ಜರ್ಮನಿಯಲ್ಲಿಯೂ ಹೈಡೆಲ್‌ಬರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಪ್ರತಿ ಷಣ್ಮಾಸಕ್ಕೆ 1,500 ಯೂರೋ ಶುಲ್ಕ ವಿಧಿಸಿತು. ಡಾಕ್ಟರೇಟ್ ವಿದ್ಯಾರ್ಥಿಗಳಿಗೆ ವಿನಾಯಿತಿ ನೀಡಿತು.

ಇಲ್ಲಿಯ ವಿದ್ಯಾರ್ಥಿಗೆ ಇರುವುದೇನು ಎಂಬ ಪ್ರಶ್ನೆಯನ್ನೂ ಎತ್ತಬೇಕು. ಅಮೆರಿಕದ ವಿದ್ಯಾರ್ಥಿಗಳು ಕನ್ನಡ ಕಲಿಯಲು ಮೈಸೂರಿಗೆ ಬರುತ್ತಾರೆ. ಅವರು ದೂರದಿಂದ ಅರಸಿ ಬರುವ ಮಾತಿನ ಲೋಕ ಇಲ್ಲಿಯ ವಿದ್ಯಾರ್ಥಿಗೆ ಹುಟ್ಟಿನಿಂದ ದತ್ತವಾಗಿದೆ. ಮಾನಸಗಂಗೋತ್ರಿಯಿಂದ ಹೊರಟವರು ಅದೇ ದಿನ ನೀಲಗಾರರ, ಕಂಸಾಳೆಯವರ ಊರನ್ನು ಮುಟ್ಟಬಹುದು. ಆದರೆ ದತ್ತವಾದದ್ದನ್ನು ನಿಧಾನವಾಗಿ ನೋಡುವ ಅಭ್ಯಾಸ ತಾನಾಗಿ ಬರುವುದಿಲ್ಲ. ಕನ್ನಡವನ್ನು ಅನ್ಯಭಾಷೆಯಾಗಿ ಕಲಿಯುವವರು ಒಂದು ವಚನದ ಮುಂದೆ ಗಂಟೆಗಟ್ಟಲೆ ಕೂರಬೇಕಾಗುತ್ತದೆ. ಇಲ್ಲಿಯ ತರಗತಿ ಅದೇ ವಚನವನ್ನು ಸಾಹಿತ್ಯ ಚರಿತ್ರೆಯ ಒಂದು ಘಟ್ಟವೆಂದು ಹೆಸರಿಸಿ ಮುಂದೆ ಸಾಗುತ್ತದೆ. ಭಾಷೆ ಗೊತ್ತಿದೆ ಎಂಬ ನೆಮ್ಮದಿ ಓದಿಗೆ ಶತ್ರುವಾಗುವುದು ಹೀಗೆ.

ಹಾಗಾದರೆ ತೆಗೆದುಕೊಳ್ಳಬೇಕಾದುದು ಯಾವುದು? ಕಟ್ಟಡವನ್ನಲ್ಲ, ಹುಲ್ಲುಹಾಸನ್ನಲ್ಲ. ಕನ್ನಡ ವಿಭಾಗಗಳು ವಾರಕ್ಕೊಮ್ಮೆ ಒಂದು ಪಠ್ಯವನ್ನೋ ವಿದ್ಯಾರ್ಥಿಯ ಒಂದು ಅಧ್ಯಾಯವನ್ನೋ ಎಲ್ಲರೂ ಓದಿಕೊಂಡು ಬಂದು ಚರ್ಚಿಸುವ ಗೋಷ್ಠಿಯನ್ನು ನಡೆಸಬಹುದು. ಇದಕ್ಕೆ ಅನುದಾನ ಬೇಕಿಲ್ಲ. ವಿಭಾಗಗಳ ಗ್ರಂಥಸೂಚಿಗಳನ್ನು ಒಂದುಗೂಡಿಸಬಹುದು. ವಿದ್ಯಾರ್ಥಿನಿ ನಿಲಯದ ವೇಳೆಯನ್ನು ಗ್ರಂಥಾಲಯದ ವೇಳೆಗೆ ಹೊಂದಿಸಬಹುದು. 2022ರ ನಿಯಮಗಳು ಸಂಶೋಧನ ವಿದ್ಯಾರ್ಥಿಗಳಿಗೆ ವಾರಕ್ಕೆ 4ರಿಂದ 6 ಗಂಟೆಗಳ ಬೋಧನ ಅಥವಾ ಸಂಶೋಧನ ಸಹಾಯದ ಕೆಲಸ ನೀಡಲು ಅವಕಾಶ ಕಲ್ಪಿಸಿವೆ. ಶಿಷ್ಯವೇತನವಿಲ್ಲದವರಿಗೆ ಈ ಕೆಲಸವನ್ನು ಸಂಭಾವನೆಯೊಡನೆ ಮೊದಲು ಕೊಡುವಂತೆ ವಿಶ್ವವಿದ್ಯಾಲಯಗಳನ್ನು ಒತ್ತಾಯಿಸುವುದು ವಿಭಾಗಗಳ ಹೊಣೆ. ಕಳಪೆ ಪ್ರಬಂಧಗಳ ಬಗ್ಗೆ ಪ್ರತಿ ವಿಚಾರಸಂಕಿರಣದಲ್ಲಿಯೂ ವ್ಯಕ್ತವಾಗುವ ವಿಷಾದ, ಆ ಪ್ರಬಂಧಗಳನ್ನು ಬರೆದವರು ಯಾವ ಹೊತ್ತಿನಲ್ಲಿ, ಯಾವ ಸ್ಥಿತಿಯಲ್ಲಿ ಬರೆದರು ಎಂಬುದನ್ನು ಮೊದಲು ವಿಚಾರಿಸಬೇಕಾಗಿದೆ.